ಎರಡೂವರೆ ಮಿಲಿಮೀಟರ್

ಮೈಸೂರಿನ ಒಂದು ವಾದ್ಯದ ಅಂಗಡಿ, ಶನಿವಾರದ ಸಂಜೆ. ಗೋಡೆಯುದ್ದಕ್ಕೂ ಗಿಟಾರುಗಳು ತೂಗುತ್ತಿವೆ. ಕಪ್ಪು, ಕೆಂಪು, ಆಕಾಶನೀಲಿ, ನಡುವೆ ಒಂದೆರಡು ಬರೀ ಮರದ ಬಣ್ಣದವು. ಪಿಯುಸಿ ಓದುವ ಹುಡುಗಿಯ ಕಣ್ಣು ನೀಲಿಯದರ ಮೇಲೆ ನೆಟ್ಟಿದೆ. ಬೆಲೆ ಮೂರೂವರೆ ಸಾವಿರ. ಚೀಲ, ಬೆಲ್ಟು, ಪಿಕ್ಕು, ಒಂದು ಜೊತೆ ತಂತಿ ಎಲ್ಲ ಅದರ ಜೊತೆಗೇ ಬರುತ್ತವೆ. ಮನೆಯಿಂದ ಹೊರಡುವಾಗ ಹತ್ತು ಸಾವಿರದೊಳಗೆ ಎಂದು ಮಾತಾಗಿತ್ತು. ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ ಎಂಬ ಲೆಕ್ಕ ಹುಡುಗಿಯ ಮುಖದಲ್ಲೇ ಕಾಣುತ್ತಿದೆ.

ಜೊತೆಗೆ ಬಂದಿರುವ ತಾಯಿ ಗಿಟಾರು ಹಿಡಿದವರಲ್ಲ. ಇಪ್ಪತ್ತು ವರ್ಷದಿಂದ ವೀಣೆ ನುಡಿಸುವವರು. ಗಿಟಾರನ್ನು ಇಳಿಸಿಕೊಂಡು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. ಬುಡದಿಂದ ತಲೆಯವರೆಗೆ ಒಂದೇ ಗೆರೆಯಲ್ಲಿ ನೋಡಿದರು.

“ಬಣ್ಣ ಆಮೇಲೆ ನೋಡೋಣ ಪುಟ್ಟಿ. ಮೊದಲು ತಂತಿ ಮೆಟ್ಟಿಲಿಂದ ಎಷ್ಟು ಮೇಲಿದೆ ನೋಡು.”

“ಎಲ್ಲಾ ಗಿಟಾರೂ ಹಾಗೇ ಇರತ್ತಮ್ಮ.”

“ಇಲ್ಲ ಕಣೇ. ಒತ್ತಿ ನೋಡು, ಬೆರಳೇ ಹೇಳತ್ತೆ.”

ಮೊದಲ ಗಿಟಾರು ಕೊಳ್ಳುವವರು ಮೊದಲು ನೋಡಬೇಕಾದ್ದು ಇದನ್ನೇ. ಅಂಗಡಿಯವರ ಮಾತಿನಲ್ಲಿ ಇದಕ್ಕೆ ಆಕ್ಷನ್ ಎಂದು ಹೆಸರು. ಹನ್ನೆರಡನೆಯ ಮೆಟ್ಟಿಲಿನ, ಅಂದರೆ ಫ್ರೆಟ್ಟಿನ, ಲೋಹದ ಗೆರೆಯ ಮೇಲೆ ಸ್ಟೀಲ್ ಅಳತೆಪಟ್ಟಿ ನಿಲ್ಲಿಸಿ, ಅಲ್ಲಿಂದ ದಪ್ಪ ತಂತಿಯ ತಳದವರೆಗೆ ಅಳೆಯಬೇಕು. ಎರಡೂವರೆ ಮಿಲಿಮೀಟರ್ ಆಸುಪಾಸು ಇದ್ದರೆ ಕಲಿಯುವವರ ಬೆರಳಿಗೆ ಹಿತ. ಅತಿ ಸಣ್ಣ ತಂತಿಗೆ ಎರಡು ಸಾಕು. ನೀಲಿ ಗಿಟಾರಿನ ದಪ್ಪ ತಂತಿಗೆ ಅದು ನಾಲ್ಕು ಇತ್ತು. ಒಂದೂವರೆ ಮಿಲಿಮೀಟರಿನ ವ್ಯತ್ಯಾಸ ಕೇಳುವುದಕ್ಕೆ ಏನೂ ಅಲ್ಲ. ಆದರೆ ಉಕ್ಕಿನ ತಂತಿಯನ್ನು ದಿನಕ್ಕೆ ಸಾವಿರ ಸಲ ಒತ್ತುವ ಎಳೆಯ ಬೆರಳಿಗೆ ಅದು ಬೆಟ್ಟದಷ್ಟು.

ನೋವು ಒಂದೇ ಆಗಿದ್ದರೆ ಸಹಿಸಬಹುದಿತ್ತು. ತಂತಿ ಎತ್ತರವಿದ್ದಷ್ಟೂ ಒತ್ತುವಾಗ ಅದು ಹೆಚ್ಚು ಜಗ್ಗುತ್ತದೆ, ಜಗ್ಗಿದ ತಂತಿಯ ಸ್ವರ ಮೇಲಕ್ಕೆ ಜಾರುತ್ತದೆ. ಬಿಟ್ಟ ತಂತಿ ಶ್ರುತಿಯಲ್ಲಿದ್ದರೂ ಒತ್ತಿದ ಸ್ವರ ಅಪಸ್ವರವಾಗುತ್ತದೆ. ಕಲಿಯುತ್ತಿರುವ ಮಗುವಿಗೆ ಇದು ತಿಳಿಯುವುದಿಲ್ಲ. ತನ್ನ ಕೈಯೇ ಸರಿಯಿಲ್ಲ, ತನಗೆ ಸಂಗೀತ ಬರುವುದಿಲ್ಲ ಎಂದುಕೊಳ್ಳುತ್ತದೆ. ಅಮೆರಿಕದ ಫೆಂಡರ್ ಕಂಪನಿಯ ಮುಖ್ಯಸ್ಥರಾಗಿದ್ದ ಆ್ಯಂಡಿ ಮೂನಿ, ಹೊಸದಾಗಿ ಗಿಟಾರು ಹಿಡಿದವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಮೊದಲ ವರ್ಷದೊಳಗೇ ಕೈಬಿಡುತ್ತಾರೆ ಎಂದು ಹೇಳಿದ್ದರು. ಬಿಟ್ಟವರಿಗೆಲ್ಲ ಕಾರಣ ಒಂದೇ ಇರಲಾರದು. ಆದರೂ ಅಟ್ಟ ಸೇರಿದ ಗಿಟಾರುಗಳನ್ನು ಇಳಿಸಿ ಅಳೆದರೆ ಅವುಗಳಲ್ಲಿ ಎಷ್ಟೋ ನಾಲ್ಕು ಮಿಲಿಮೀಟರಿನವೇ ಆಗಿರಬಹುದು.

ಹಾಗಾದರೆ ಯಾವುದನ್ನು ಕೊಳ್ಳುವುದು? ಭಾರತದ ಮಾರುಕಟ್ಟೆಯಲ್ಲಿ ಕಲಿಯುವವರ ಗಿಟಾರುಗಳು ಸುಮಾರಾಗಿ ಮೂರು ಮೆಟ್ಟಿಲಲ್ಲಿ ನಿಂತಿವೆ. ಎರಡೂವರೆಯಿಂದ ನಾಲ್ಕು ಸಾವಿರದವು ಕೆಳಗಿನ ಮೆಟ್ಟಿಲು. ಇವುಗಳಲ್ಲಿ ಹೆಚ್ಚಿನವು 38 ಇಂಚಿನವು, ಕೆಳಗಿನ ಭುಜ ಕತ್ತರಿಸಿದಂತಿರುವ ಕಟ್‌ಅವೇ ಆಕಾರದವು. ಅದರ ಮೇಲೆ ಐದರಿಂದ ಏಳು ಸಾವಿರದವು ಬರುತ್ತವೆ. ಕೋಲ್ಕತ್ತದ ಗಿವ್ಸನ್‌ನಂಥ ಹಳೆಯ ದೇಶೀ ಹೆಸರುಗಳು, ಕೇಡೆನ್ಸ್‌ನಂಥ ಹೊಸ ಹೆಸರುಗಳು ಈ ಎರಡು ಮೆಟ್ಟಿಲಲ್ಲೂ ಸಿಗುತ್ತವೆ. ಎಂಟು ಸಾವಿರದಿಂದ ಮೇಲಕ್ಕೆ ಯಮಹಾದ ಎಫ್280 ಮತ್ತು ಎಫ್310. ಗಿಟಾರು ಮೇಷ್ಟ್ರುಗಳು ಮೊದಲು ಹೇಳುವ ಹೆಸರು ಇವೆರಡೇ. ಎಫ್280 ಚೆನ್ನೈ ಬಳಿಯ ಕಾರ್ಖಾನೆಯಲ್ಲೇ ತಯಾರಾಗುತ್ತದೆ. ಎಫ್310ರ ತಂತಿಯುದ್ದ 634 ಮಿಲಿಮೀಟರ್, ಮಾಮೂಲಿ 650ಕ್ಕಿಂತ ತುಸು ಕಡಿಮೆ. ಉದ್ದ ಕಡಿಮೆಯಾದರೆ ಅದೇ ಸ್ವರಕ್ಕೆ ಬಿಗಿಯೂ ಕಡಿಮೆ ಸಾಕು, ಫ್ರೆಟ್ಟುಗಳೂ ಹತ್ತಿರ ಬರುತ್ತವೆ. ಪುಟ್ಟ ಕೈಗೆ ಎರಡೂ ಅನುಕೂಲ.

ಹೆಸರಿದ್ದ ಮಾತ್ರಕ್ಕೆ ಕಣ್ಣು ಮುಚ್ಚಿ ತರುವಂತಿಲ್ಲ. ಒಂದೇ ಮಾದರಿಯ ಎರಡು ಗಿಟಾರುಗಳಲ್ಲೂ ಒಂದು ಹಗುರ, ಒಂದು ಬಿಗಿ ಇರುತ್ತದೆ. ದೊಡ್ಡ ಕಂಪನಿಯ ಸರಕಿನಲ್ಲಿ ಆ ಏರುಪೇರು ಕಡಿಮೆ ಎನ್ನುವುದೇ ಅದಕ್ಕೆ ಕೊಡುವ ಹೆಚ್ಚಿನ ಹಣದ ಅರ್ಥ. ಅಂಗಡಿಯಲ್ಲಿ ಒಂದೇ ಮಾದರಿಯ ಮೂರು ಇದ್ದರೆ ಮೂರನ್ನೂ ಇಳಿಸಿ ನೋಡಬೇಕು.

ಇನ್ನು ಆಕಾರದ ಮಾತು. ಸೊಂಟ ಅಗಲವಾಗಿ, ಭುಜ ದೊಡ್ಡದಾಗಿ, ಎಲ್ಲ ಅಂಗಡಿಗಳಲ್ಲೂ ಕಾಣುವ ಆಕಾರಕ್ಕೆ ಡ್ರೆಡ್‌ನಾಟ್ ಎನ್ನುತ್ತಾರೆ. ಬ್ರಿಟಿಷರು 1906ರಲ್ಲಿ ನೀರಿಗಿಳಿಸಿದ ಯುದ್ಧನೌಕೆಯ ಹೆಸರು ಅದು. ಅಮೆರಿಕದ ಮಾರ್ಟಿನ್ ಕಂಪನಿ ಸುಮಾರು ಹತ್ತು ವರ್ಷದ ನಂತರ ಒಂದು ಭಾರೀ ಗಿಟಾರು ಮಾಡಿದಾಗ ಅದಕ್ಕೆ ಆ ಹೆಸರು ಅಂಟಿತು. ನಾದವೂ ಭಾರೀ. ಆದರೆ ಗಿಡ್ಡ ಆಳಿಗೆ, ಚಿಕ್ಕ ಮಕ್ಕಳಿಗೆ ಬಲತೋಳು ಅದರ ಮೇಲಿನಿಂದ ಇಳಿಯುವಷ್ಟರಲ್ಲಿ ಭುಜ ಮೇಲೆದ್ದು ನೋಯುತ್ತದೆ. ಅಂಥವರು ಸಣ್ಣ ಮೈಯ ಕನ್ಸರ್ಟ್ ಆಕಾರವನ್ನು ಕೇಳಿ ತೆಗೆಸಿ ನೋಡಬೇಕು. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಹತ್ತು ನಿಮಿಷ ಕೂರುವುದು ಕೊಳ್ಳುವವರ ಹಕ್ಕು. ಬೆಲೆ ಕೇಳಲು ಹಿಂಜರಿಯದವರು ಇದಕ್ಕೆ ಏಕೆ ಹಿಂಜರಿಯಬೇಕು?

ಅಂಗಡಿಯ ಹುಡುಗ ಮುಂದಿನದನ್ನು ಇಳಿಸುತ್ತಾ, “ಮೇಡಂ, ಇದು ರೋಸ್‌ವುಡ್ ಫಿನಿಶ್” ಎಂದ. ತಾಯಿ ಬೆನ್ನು ತಟ್ಟಿ ನೋಡಿದರು. ಅದು ಪ್ಲೈವುಡ್ಡಿನ ಮೇಲೆ ಬಣ್ಣ.

ರೋಸ್‌ವುಡ್ ಎಂದರೆ ಬೀಟೆ. ಮಲೆನಾಡಿನವರಿಗೆ, ಕೊಡಗಿನವರಿಗೆ ಪರಿಚಯ ಮಾಡಿಸಬೇಕಾದ ಮರವಲ್ಲ. ಮೈಸೂರಿನವರಿಗಂತೂ ಅರಮನೆಯ ಅಂಬಾವಿಲಾಸದ ಬಾಗಿಲುಗಳಿಂದಲೇ ಅದು ಗೊತ್ತು. ಬೀಟೆಯಲ್ಲಿ ಬೇರೆ ತುಣುಕುಗಳನ್ನು ಕೂರಿಸುವ ಇನ್‌ಲೇ ಕೆಲಸಕ್ಕೆ ಈ ಊರಿನ ಹೆಸರಿನಲ್ಲೇ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಇದೇ ಮರ ಜಗತ್ತಿನ ಗಿಟಾರುಗಳ ಬೆನ್ನಾಗಿದ್ದೂ ಒಂದು ಕಥೆ. ಬ್ರೆಜಿಲ್ ದೇಶ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತಿಗೆ ತಡೆ ಹಾಕಿದಾಗ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಬದಲಾಯಿಸಿಕೊಂಡಿತು. ಉಳಿದವರೂ ಅದೇ ದಾರಿ ಹಿಡಿದರು. 2017ರಲ್ಲಿ ಈ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯವಾಯಿತು, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಇಷ್ಟು ಬೆಲೆಬಾಳುವ ಮರ ಮೂರೂವರೆ ಸಾವಿರದ ಗಿಟಾರಿನಲ್ಲಿ ಇರಲು ಸಾಧ್ಯವಿಲ್ಲ. ಇರಬೇಕಾದ ಅಗತ್ಯವೂ ಇಲ್ಲ.

ಅಗತ್ಯವಿಲ್ಲ ಎಂಬುದನ್ನು ಸ್ಪೇನಿನ ಆಂಟೋನಿಯೊ ದೆ ತೊರೆಸ್ ನೂರೈವತ್ತು ವರ್ಷಕ್ಕೂ ಹಿಂದೆ ಮಾಡಿ ತೋರಿಸಿದ. ಇಂದಿನ ಶಾಸ್ತ್ರೀಯ ಗಿಟಾರಿನ ರೂಪ ಕೊಟ್ಟವನು ಅವನೇ. ನಾದ ಬರುವುದು ಮುಂಭಾಗದ ತೆಳುಹಲಗೆಯಿಂದ ಎಂಬ ನಂಬಿಕೆಯಿಂದ 1862ರಲ್ಲಿ ಬೆನ್ನು, ಪಕ್ಕೆಗಳನ್ನು ಕಾಗದದ ರಟ್ಟಿನಲ್ಲಿ ಮಾಡಿ ಮುಂಭಾಗಕ್ಕೆ ಮಾತ್ರ ಒಳ್ಳೆಯ ಮರ ಹಾಕಿದ. ಆ ಗಿಟಾರು ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಅಮೆರಿಕದ ಬಾಬ್ ಟೇಲರ್ 1995ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸರಕು ಸಾಗಿಸಲು ಬಳಸಿ ಎಸೆದ ಹಲಗೆಗಳಿಂದಲೇ ಗಿಟಾರು ಮಾಡಿದರು. ಕೆಲಸ ಚೆನ್ನಾಗಿದ್ದರೆ ಎಸೆದ ಮರವೂ ನುಡಿಯುತ್ತದೆ ಎಂದು ತೋರಿಸುವುದು ಅವರ ಉದ್ದೇಶ. ಹತ್ತು ಸಾವಿರದೊಳಗೆ ಸಿಗುವ ಹೆಚ್ಚಿನ ಗಿಟಾರುಗಳ ಮುಂಭಾಗವೂ ಪ್ಲೈಯೇ. ಒಂದೇ ಮರದ ಗಟ್ಟಿ ಹಲಗೆಯ ನಾದ ಅದಕ್ಕೆ ಬಾರದು, ನಿಜ. ಆದರೆ ಮಂಗಳೂರಿನ ಮಳೆಗಾಲಕ್ಕೂ ಕಲಬುರಗಿಯ ಬೇಸಿಗೆಗೂ ಪ್ಲೈ ಹೆಚ್ಚು ಜಗ್ಗದೆ ನಿಲ್ಲುತ್ತದೆ, ಬೇಗ ಸೀಳುವುದಿಲ್ಲ. ಮೊದಲ ಎರಡು ವರ್ಷಕ್ಕೆ ಅದು ದೊಡ್ಡ ಗುಣ.

ತಾಯಿ ಮರದ ಬಣ್ಣದ ಒಂದು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡರು. ಫೋನಿನ ಟ್ಯೂನರ್ ತೆಗೆದು ಮಗಳು ಆರೂ ತಂತಿಗಳನ್ನು ಶ್ರುತಿ ಮಾಡಿದಳು. ಮುಂದಿನ ಪರೀಕ್ಷೆ ವೀಣೆಯವರಿಗೆ ನೀರು ಕುಡಿದಷ್ಟು ಸುಲಭ. ವೀಣೆಯಲ್ಲಿ ಎರಡು ಸ್ಥಾಯಿಗೆ ಇಪ್ಪತ್ನಾಲ್ಕು ಮೆಟ್ಟಿಲು, ಗಿಟಾರಿನಲ್ಲೂ ಒಂದು ಸ್ಥಾಯಿಗೆ ಹನ್ನೆರಡೇ. ಹನ್ನೆರಡನೆಯದು ತಂತಿಯ ನಡುಮಧ್ಯ, ಅಲ್ಲಿ ಮೇಲಿನ ಷಡ್ಜ ನುಡಿಯಬೇಕು. ಒಂದೊಂದು ಮೆಟ್ಟಿಲಿಗೂ ಉಳಿದ ತಂತಿಯ ಹದಿನೆಂಟನೆಯ ಒಂದು ಪಾಲು ಕಳೆಯುತ್ತಾ ಹೋದರೆ ಅರೆಸ್ವರಗಳು ಸಿಗುತ್ತವೆ ಎಂಬ ಲೆಕ್ಕವನ್ನು ಖಗೋಳಜ್ಞ ಗೆಲಿಲಿಯೊನ ತಂದೆ, ವೀಣೆಯಂಥದೇ ಲೂಟ್ ವಾದ್ಯದ ವಾದಕ ವಿಂಚೆನ್ಸೊ 1581ರಲ್ಲೇ ಪುಸ್ತಕದಲ್ಲಿ ಬರೆದಿದ್ದ. ವೀಣೆಯಲ್ಲಿ ಮೆಟ್ಟಿಲು ಕೂತಿರುವುದು ಮೇಣದ ಮೇಲೆ, ತಪ್ಪಿದರೆ ಎಬ್ಬಿಸಿ ಸರಿಯಾಗಿ ಕೂರಿಸಬಹುದು. ಗಿಟಾರಿನಲ್ಲಿ ಲೋಹದ ಫ್ರೆಟ್ಟನ್ನು ಮರಕ್ಕೇ ಬಡಿದಿರುತ್ತಾರೆ. ಕಾರ್ಖಾನೆಯಲ್ಲಿ ತಪ್ಪಿದರೆ ತಪ್ಪೇ.

ಹನ್ನೆರಡನೆಯ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಒತ್ತದೆ, ಬೆರಳನ್ನು ಸುಮ್ಮನೆ ತಾಗಿಸಿ ಮೀಟಿದರೆ ಗಂಟೆಯಂಥ ಸ್ವರ ಬರುತ್ತದೆ. ಆಮೇಲೆ ಅಲ್ಲೇ ಒತ್ತಿ ಮೀಟಬೇಕು. ಎರಡೂ ಒಂದೇ ಆದರೆ ಸರಿ. ಒತ್ತಿದ್ದು ಮೇಲಕ್ಕೆ ಹೋದರೆ ಆ ಗಿಟಾರು ವಾಪಸ್ ಗೋಡೆಗೆ. ನಂತರ ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ಒಂದೊಂದಾಗಿ ನುಡಿಸಿ, ಎಲ್ಲಾದರೂ ಜುಯ್ಯೆನ್ನುವ ಸದ್ದು ಇದೆಯೇ ಕೇಳಬೇಕು. ಮೂರನೆಯ ಫ್ರೆಟ್ಟಿನಲ್ಲಿ ತಂತಿಯನ್ನು ಒತ್ತಿ ಹಿಡಿದು ಮೊದಲ ಫ್ರೆಟ್ಟಿನ ಮೇಲೆ ನೋಡಿದರೆ ಕೂದಲೆಳೆಯಷ್ಟೇ ಜಾಗ ಕಾಣಬೇಕು. ಹೆಚ್ಚಿದ್ದರೆ ತಲೆಯ ಕಡೆಯ ನಟ್ ಎತ್ತರವಾಗಿದೆ ಎಂದು ಅರ್ಥ, ಮೊದಲ ಪಾಠಗಳೇ ಕಷ್ಟವಾಗುತ್ತವೆ. ಅಂಗೈಯನ್ನು ಗಿಟಾರಿನ ಕತ್ತಿನ, ಅಂದರೆ ನೆಕ್ಕಿನ, ಅಂಚಿನುದ್ದಕ್ಕೆ ಸವರಿದರೆ ಫ್ರೆಟ್ಟಿನ ತುದಿಗಳು ಚುಚ್ಚಬಾರದು. ಬಿರಡೆಗಳು ತಿರುಗಿಸಿದಲ್ಲಿ ನಿಲ್ಲಬೇಕು. ಇಷ್ಟಕ್ಕೂ ಹದಿನೈದು ನಿಮಿಷ ಸಾಕು. ನುಡಿಸಲು ಬರದವರೂ ಇದನ್ನೆಲ್ಲ ಮಾಡಬಹುದು.

ಮರದ ಬಣ್ಣದ್ದು ಎಲ್ಲದರಲ್ಲೂ ಗೆದ್ದಿತು. ಆಕ್ಷನ್ ಮಾತ್ರ ಮೂರು ಮಿಲಿಮೀಟರ್.

“ಇದನ್ನ ಇಳಿಸಿಕೊಡೋಕಾಗತ್ತಾ?” ತಾಯಿ ಕೇಳಿದರು.

“ಆಗತ್ತೆ ಮೇಡಂ, ಸೆಟಪ್ ಮಾಡಿಕೊಡ್ತೀವಿ.”

ಒಳಗಿನಿಂದ ಬಂದ ವಯಸ್ಸಾದ ರಿಪೇರಿಯವರು ತಂತಿಗಳನ್ನು ಸಡಿಲಿಸಿ ಕುದುರೆಯ (ಬ್ರಿಡ್ಜಿನ) ಸೀಳಿನಲ್ಲಿ ಕೂತಿದ್ದ ಬಿಳಿಯ ಪಟ್ಟಿಯನ್ನು, ಅಂದರೆ ಸ್ಯಾಡಲನ್ನು, ಎಳೆದು ತೆಗೆದರು. ಹನ್ನೆರಡನೆಯ ಫ್ರೆಟ್ಟು ತಂತಿಯ ನಡುವೆ ಇರುವುದರಿಂದ ಅಲ್ಲಿ ಅರ್ಧ ಮಿಲಿಮೀಟರ್ ಇಳಿಯಬೇಕಾದರೆ ಇಲ್ಲಿ ಒಂದು ಮಿಲಿಮೀಟರ್ ತೆಗೆಯಬೇಕು. ಪಟ್ಟಿಯ ತಳದಲ್ಲಿ ಪೆನ್ಸಿಲ್ ಗೆರೆ ಎಳೆದರು. ಗಾಜಿನ ಮೇಲೆ ಉಪ್ಪುಕಾಗದ ಹರಡಿ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಉಜ್ಜತೊಡಗಿದರು. ನಾಲ್ಕು ಸಲ ಉಜ್ಜುವುದು, ಬೆಳಕಿಗೆ ಹಿಡಿಯುವುದು, ಮತ್ತೆ ಉಜ್ಜುವುದು. ಬಿಳಿ ಪುಡಿ ಅವರ ಹೆಬ್ಬೆರಳಿಗೆ ಮೆತ್ತಿತು. ತಳ ಓರೆಯಾದರೆ ನಾದ ಸತ್ತುಹೋಗುತ್ತದೆ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಹಳೆಯ ತಂತಿ ತೆಗೆದು ಹತ್ತರ ಸೆಟ್ ಹಾಕಿದರು. ಅದರ ಮೊದಲ ತಂತಿಯ ದಪ್ಪ ಇಂಚಿನ ನೂರನೆಯ ಒಂದು ಪಾಲು, ಕಾಲು ಮಿಲಿಮೀಟರ್. ಹನ್ನೆರಡರ ಸೆಟ್ ಶ್ರುತಿಗೆ ಏರಿದಾಗ ಆರೂ ತಂತಿಗಳ ಎಳೆತ ಒಟ್ಟು 70 ಕೆಜಿ ದಾಟುತ್ತದೆ, ಹತ್ತರದ್ದು 60ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬೆರಳಿಗೂ ಹಗುರ, ಗಿಟಾರಿನ ಹೊಟ್ಟೆಗೂ ಹಗುರ.

ನೈಲಾನ್ ತಂತಿಯ ಗಿಟಾರು ಇನ್ನೂ ಮೃದು ಎಂಬುದು ನಿಜ. ಆದರೆ ಅದರ ನೆಕ್ ಅಗಲ, ನಟ್ ಬಳಿ 52 ಮಿಲಿಮೀಟರ್. ಉಕ್ಕಿನ ತಂತಿಯದ್ದು 43. ಸಿನಿಮಾ ಹಾಡು, ಭಾವಗೀತೆಗೆ ತಾಳ ಹಿಡಿದು ಕಾರ್ಡ್ ನುಡಿಸುವ ಆಸೆಯಿದ್ದವರಿಗೆ ಉಕ್ಕಿನದೇ ಹೊಂದುತ್ತದೆ. ಹಳೆಯ ಗಿಟಾರು ಕೊಳ್ಳುವುದೂ ತಪ್ಪಲ್ಲ. ಬೆಂಗಳೂರಿನ ಹಾಸ್ಟೆಲು, ಪಿ.ಜಿ.ಗಳಿಂದ ಊರು ಬಿಟ್ಟು ಹೊರಡುವವರು ಒಳ್ಳೆಯದನ್ನೇ ಕಡಿಮೆ ಬೆಲೆಗೆ ಕೊಟ್ಟು ಹೋಗುತ್ತಾರೆ. ಬ್ರಿಡ್ಜಿನ ಹಿಂಬದಿಯಲ್ಲಿ ಹೊಟ್ಟೆ ಉಬ್ಬಿದೆಯೇ, ಬ್ರಿಡ್ಜ್ ಮರದಿಂದ ಏಳುತ್ತಿದೆಯೇ ಎಂದು ಒಂದು ಹಾಳೆಯ ಅಂಚನ್ನು ಸಂದಿಗೆ ತೂರಿಸಿ ನೋಡಿದರಾಯಿತು. ಕಾಗದ ಒಳಗೆ ಹೋದರೆ ಬೇಡ.

ಬಿಲ್ ಆಯಿತು. ಸೆಟಪ್, ಹೊಸ ತಂತಿ, ದಪ್ಪ ಚೀಲ ಎಲ್ಲ ಸೇರಿ ಹತ್ತು ಸಾವಿರದೊಳಗೇ ನಿಂತಿತು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಅಂಟು ಸಡಿಲವಾಗತ್ತೆ ಎಂದು ರಿಪೇರಿಯವರು ಬಾಗಿಲವರೆಗೆ ಬಂದು ಹೇಳಿದರು.

ರಾತ್ರಿ ಊಟವಾದ ಮೇಲೆ ಹುಡುಗಿ ಫೋನು ನೋಡುತ್ತಾ ಎರಡು ಬೆರಳಿನ ಮೊದಲ ಕಾರ್ಡ್ ಹಿಡಿದಳು, ಇ ಮೈನರ್. ಎರಡನೆಯ ಫ್ರೆಟ್ಟಿನಲ್ಲಿ ಎರಡು ತಂತಿ ಒತ್ತಿ ಆರನ್ನೂ ಮೀಟಿದರೆ ಸಾಕು. ಒಂದು ತಂತಿ ಸತ್ತಿತು. ಬೆರಳು ಸರಿಸಿ ಮತ್ತೆ ಮೀಟಿದಳು. ಈ ಸಲ ಆರೂ ನುಡಿದವು. ಚಾಪೆಯ ಮೇಲೆ ವೀಣೆ ಹಿಡಿದು ಕೂತಿದ್ದ ತಾಯಿ ತಲೆಯೆತ್ತಿದರು. ಗಿಟಾರಿನ ದಪ್ಪ ತಂತಿ ನುಡಿಯುವುದು ಮೂರು ಮನೆ ಶ್ರುತಿ. ಅವರ ವೀಣೆ ಎರಡೂವರೆಯಲ್ಲಿತ್ತು. ಏನೂ ಹೇಳದೆ ಬಿರಡೆ ತಿರುಗಿಸಿ ಅರ್ಧ ಮನೆ ಏರಿಸಿದರು.

“ಇನ್ನೊಂದು ಸಲ ಮೀಟು ಪುಟ್ಟಿ” ಎಂದರು.

ಸ, ಪ, ಸ, ಗ, ಪ, ಸ. ಮಗಳು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಮೀಟುತ್ತಾ ಬಂದಳು. ತಾಯಿ ಸಾಧಾರಣ ಗಾಂಧಾರವನ್ನು ವೀಣೆಯ ಮೂರನೆಯ ಮೆಟ್ಟಿಲಲ್ಲಿ ಹಿಡಿದು ಕಾದು ಕೂತರು.