ಅಂತೂ ಆ ಸೀರಿಯಲ್ ಬಿಟ್ಟೆ

ಒಲೆಯ ಮೇಲೆ ಹಾಲಿಟ್ಟು, ಸೀರಿಯಲ್ ನೋಡುತ್ತಾ ಕೂತು ಉಕ್ಕಿಸದವರು ನಿಮ್ಮಲ್ಲಿ ಯಾರಿದ್ದೀರಿ, ಹೇಳಿ? ನಾನಂತೂ ಉಕ್ಕಿಸಿದ್ದೇನೆ. ಅದೂ ಯಾವುದೋ ಸೊಸೆಯ ಕಣ್ಣೀರಿಗಲ್ಲ, ಅಮೆರಿಕದ ರಾಜಕೀಯಕ್ಕೆ!

2020ರ ಲಾಕ್‌ಡೌನಿನಲ್ಲಿ ಮಗಳು ಊರಿಗೆ ಬಂದಿದ್ದಾಗ ಹತ್ತಿದ ಹುಚ್ಚು ಇದು. ‘ಹೌಸ್ ಆಫ್ ಕಾರ್ಡ್ಸ್’ ಅಂತ. 2013ರಲ್ಲೇ ಶುರುವಾದದ್ದು ನಮ್ಮ ಮನೆಗೆ ಬರಲು ಏಳು ವರ್ಷ ಹಿಡಿಯಿತು. ಅಡಿಗೆಮನೆ ತೊಳೆದು ಬಂದರೆ ತಾಯಿ ಮಗಳು ಅವಳ ಲ್ಯಾಪ್‌ಟಾಪ್ ಮುಂದೆ. ನನಗೆ ತಿಳಿಯದ ಮಾತನ್ನು ಅವಳು ಬಿಡಿಸಿ ಹೇಳುವಳು. ನಮ್ಮನೆಯವರು, “ಆ ಪರದೇಶದ ಎಲೆಕ್ಷನ್ ನಿಮಗ್ಯಾಕೆ?” ಎಂದು ಗೊಣಗಿ ಮಲಗುವರು.

ಕಥೆ ಏನು ಗೊತ್ತೇ? ಫ್ರಾಂಕ್ ಅಂಡರ್‌ವುಡ್ ಎಂಬ ಸಂಸದನಿಗೆ ವಿದೇಶಾಂಗ ಸಚಿವನ ಪದವಿ ಕೊಡುತ್ತೇವೆಂದವರು ಕೈಕೊಟ್ಟರು. ಆಮೇಲೆ ನೋಡಿ ಅವನ ಆಟ! ಒಬ್ಬೊಬ್ಬರನ್ನೇ ತುಳಿದು ಉಪಾಧ್ಯಕ್ಷನಾದ. ಎರಡನೇ ಸೀಸನ್ ಮುಗಿಯುವಷ್ಟರಲ್ಲಿ ಅಧ್ಯಕ್ಷನೇ ಆಗಿಬಿಟ್ಟ. ನಡುನಡುವೆ ನಮ್ಮ ಕಡೆ ತಿರುಗಿ ಗುಟ್ಟು ಹೇಳುತ್ತಾನೆ, ಹಿತ್ತಲ ಬೇಲಿಯಾಚೆ ನಿಂತ ಪಕ್ಕದ ಮನೆಯವರ ಹಾಗೆ. ಕೆಟ್ಟವನೆಂದು ಗೊತ್ತಿದ್ದೂ ಅವನೇ ಗೆಲ್ಲಲಿ ಅನ್ನಿಸುತ್ತಿತ್ತು, ಹೇಳಿಕೊಳ್ಳಲು ನಾಚಿಕೆ. ಅವನೂ ಹೆಂಡತಿ ಕ್ಲೇರೂ ರಾತ್ರಿ ಕಿಟಕಿಯ ಬಳಿ ಒಂದೇ ಸಿಗರೇಟು ಹಂಚಿಕೊಂಡು ಮಸಲತ್ತು ಮಾಡುವರು. ಸಿಗರೇಟು ಹಾಳಾಗಲಿ, ನಾವಿಬ್ಬರು ಹಾಗೆ ಕೂತು ಮಾತಾಡಿ ಎಷ್ಟು ದಿನವಾಯಿತು ಅನ್ನಿಸಿತು.

ಕುರ್ಚಿ ಸಿಕ್ಕಿತು ನೋಡಿ, ಅಲ್ಲಿಂದ ಸಪ್ಪೆ. ಏರುವಾಗ ಮೆಟ್ಟಿಲಿಗೊಂದು ಉಪಾಯವಿತ್ತು. ಏರಿದ ಮೇಲೆ ಬರೀ ಗಂಡ ಹೆಂಡಿರ ಜಗಳ, ಮುಗಿಯದ ಒಂದು ಚುನಾವಣೆ. ಉಳಿದ ಹುಳಿಗೆ ನೀರು ಬೆರೆಸಿ ಮೂರು ದಿನ ಬಡಿಸಿದ ಹಾಗೆ. ಫ್ರಾಂಕ್ ಪಾತ್ರದ ನಟನನ್ನು 2017ರಲ್ಲಿ ಕೈಬಿಟ್ಟರು. 2018ರ ಕೊನೆಯ ಸೀಸನ್ನಿನಲ್ಲಿ ಫ್ರಾಂಕ್ ಇಲ್ಲ, ಕ್ಲೇರ್ ಅಧ್ಯಕ್ಷೆ. ಹೆಣ್ಣೊಬ್ಬಳು ಕೂತಳಲ್ಲ ಎಂದು ಆಸೆಯಿಂದ ನೋಡಿದರೆ, ಅಲ್ಲೂ ಸತ್ತ ಗಂಡನದೇ ಮಾತು! ಎಂಟು ಕಂತುಗಳಲ್ಲಿ ಮೂರಕ್ಕೇ ಸಾಕಾಯಿತು.

ಅಲ್ಲಿಯವರೆಗೂ ಎಳೆದದ್ದು ಮಗಳಿಗಾಗಿ. ಬೆಂಗಳೂರಿಗೆ ಹೋಗುವಾಗ ನನ್ನ ಮೊಬೈಲಿಗೆ ಹಾಕಿಕೊಟ್ಟಿದ್ದಳು. ಪ್ರತಿ ಭಾನುವಾರ ಫೋನಿನಲ್ಲಿ, “ಎಲ್ಲಿಗೆ ಬಂತಮ್ಮಾ?” ಆ ಪ್ರಶ್ನೆಯೂ ನಿಂತರೆ ‘ಊಟ ಆಯ್ತಾ, ಮಳೆ ಬಂತಾ’ ಇಷ್ಟಕ್ಕೇ ಮಾತು ಮುಗಿದೀತೆಂಬ ಹೆದರಿಕೆ ನನಗೆ. ಕಡೆಗೊಂದು ದಿನ ಹೇಳಿಯೇಬಿಟ್ಟೆ.

“ಅಯ್ಯೋ, ನಾನು ಐದರಲ್ಲೇ ಬಿಟ್ಟೆ ಕಣಮ್ಮಾ! ನಿಂಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ” ಅಂದಳು.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ, ಮೆಂತ್ಯದ ತಂಬುಳಿಗೆ ಕಾಯಿ ಎಷ್ಟು ಹಾಕಬೇಕು ಅಂತ ಕೇಳಿದಳು. ಫೋನ್ ಇಡುವಾಗ ಮುಕ್ಕಾಲು ಗಂಟೆಯಾಗಿತ್ತು.