ಹಬ್ಬದ ಮನೆಯಲ್ಲಿ ದೂರದ ಮಗು

ಮಂಜೇಶ್ವರದ ಕಡಲತೀರವನ್ನು ಬಿಟ್ಟು ಪೂರ್ವಕ್ಕೆ ಹೊರಟರೆ, ಮುರಕಲ್ಲಿನ ಗುಡ್ಡಗಳೂ ಅಡಿಕೆ ತೋಟಗಳೂ ಎದುರಾಗುವ ಒಳನಾಡಿನಲ್ಲಿ ಮೀಂಜವಿದೆ. ಮೀಯಪದವು, ಕೋಳ್ಯೂರು ಮೊದಲಾದ ಊರುಗಳನ್ನೊಳಗೊಂಡ ಈ ಪಂಚಾಯತಿನಲ್ಲಿ ಹಲವರ ಮನೆಮಾತು ತುಳು, ಶಾಲೆಯ ಮಾತು ಕನ್ನಡ, ಕಚೇರಿಯ ಕಾಗದದ ಮಾತು ಮಲಯಾಳ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಇಲ್ಲಿನವರು ಹೊಸ್ತಿಲು ದಾಟದೆಯೇ ಪರಭಾಷೆಯ ರಾಜ್ಯದ ನಿವಾಸಿಗಳಾದರು. ತಿಳಿಯದ ಮಾತಿನ ನಡುವೆ ನಿಂತವರ ಸಂಕೋಚವನ್ನು ಈ ಊರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಅಂತಹ ಸಂಕೋಚವನ್ನು ಹೊತ್ತ ಮಕ್ಕಳು ಜಿಲ್ಲೆಯಲ್ಲಿಯೇ ಇದ್ದಾರೆ. ಹೊಸದುರ್ಗ ತಾಲೂಕಿನ ಪೆರಿಯದಲ್ಲಿ ಜವಾಹರ ನವೋದಯ ವಿದ್ಯಾಲಯವಿದೆ. ನವೋದಯ ವಿದ್ಯಾಲಯಗಳಲ್ಲಿ 9ನೇ ತರಗತಿಯ ಶೇಕಡಾ 30ರಷ್ಟು ಮಕ್ಕಳನ್ನು ಹಿಂದಿ ಮತ್ತು ಹಿಂದಿಯೇತರ ಪ್ರದೇಶಗಳ ನಡುವೆ ಒಂದು ವರ್ಷದ ಮಟ್ಟಿಗೆ ಅದಲುಬದಲು ಮಾಡುವ ಪದ್ಧತಿಯಿದೆ. ಪಾಠದ ದಿನಗಳು ಹೇಗೋ ಕಳೆಯುತ್ತವೆ. ಗಂಟೆ ಬಾರಿಸದ ರಜಾದಿನವೇ ಕಠಿಣ. ಸಹಪಾಠಿಗಳು ಚೀಲ ಕಟ್ಟಿ ಹೊರಟಾಗ, ಎರಡು ದಿನದ ರಜೆಯಲ್ಲಿ ಊರು ಮುಟ್ಟಲಾರದ ಮಗು ವಸತಿಗೃಹದಲ್ಲಿಯೇ ಉಳಿಯುತ್ತದೆ. ಅಂತಹ ಗೆಳೆಯನನ್ನೋ ಗೆಳತಿಯನ್ನೋ ದೀಪಾವಳಿಗೆ ಮನೆಗೆ ಕರೆಯೋಣವೇ ಎಂದು ಅಲ್ಲಿ ಕಲಿಯುವ ಮಕ್ಕಳು ಕೇಳಿದರೆ ಮೀಂಜದ ಹೆತ್ತವರು ಏನು ಮಾಡಬೇಕು?

ಮೊದಲನೆಯದು ಅನುಮತಿ. ಪ್ರಾಪ್ತವಯಸ್ಸಿಗೆ ಬಾರದ ಮಗುವನ್ನು ಬಾಯಿಮಾತಿನ ಮೇಲೆ ಕರೆತರುವುದು ಸರಿಯಲ್ಲ. ಪ್ರಾಂಶುಪಾಲರಲ್ಲಿ ವಿಚಾರಿಸಿ, ಹೆತ್ತವರ ಲಿಖಿತ ಸಮ್ಮತಿ ಪಡೆದು, ಕರೆತರುವ ಹಾಗೂ ಮರಳಿಸುವ ದಿನ, ಹೊಣೆ ಹೊತ್ತವರ ಹೆಸರು, ಮಗುವಿನ ಔಷಧ, ಪಥ್ಯ ಇವನ್ನು ಬರೆದಿಡಬೇಕು. ಇದು ಅಪನಂಬಿಕೆಯಲ್ಲ, ದೂರದಲ್ಲಿರುವ ತಾಯಿಗೆ ಇದೇ ನೆಮ್ಮದಿ. ಅನುಮತಿ ದೊರೆಯದಿದ್ದರೆ ಭೇಟಿಯ ದಿನ ಹಬ್ಬದ ತಿಂಡಿಯನ್ನಾದರೂ ಒಯ್ಯಬಹುದು.

ಎರಡನೆಯದು ಕೆಲಸ. ಅತಿಥಿಯೆಂದು ಕುರ್ಚಿಯಲ್ಲಿ ಕೂರಿಸಿದಷ್ಟೂ ಮನೆಯ ನೆನಪು ಬಲಿಯುತ್ತದೆ. ಚತುರ್ದಶಿಯ ಹಿಂದಿನ ಸಂಜೆ ಹಂಡೆ ತೊಳೆದು ನೀರು ತುಂಬುವಾಗ, ಅದಕ್ಕೆ ಹೂಬಳ್ಳಿ ಸುತ್ತುವಾಗ ಮಗುವಿನ ಕೈಗೂ ಒಂದು ಪಾಲು ಇರಲಿ. ಎಣ್ಣೆಸ್ನಾನಕ್ಕೆ ನಾಚಿದರೆ ಒತ್ತಾಯ ಬೇಡ. ಕುಚ್ಚಲಕ್ಕಿಯ ಅನ್ನ ಸೇರದಿದ್ದರೆ ಎರಡು ಚಪಾತಿ ಬೇಯಿಸುವುದು ದೊಡ್ಡ ಮಾತಲ್ಲ. ಊಟದ ಹೊತ್ತಿಗೆ ಎಲ್ಲರೂ ತುಳುವಿನಲ್ಲೇ ನಗುತ್ತಿದ್ದರೆ ಮಗು ಒಂಟಿಯಾಗುತ್ತದೆ. ಹರಕು ಹಿಂದಿಯಾದರೂ ಸಾಕು.

ಮೂರನೆಯದೇ ಮುಖ್ಯ. ಮನೆಯನ್ನು ಮರೆಸಲು ಹೋಗಬಾರದು, ಮನೆಯ ಬಗ್ಗೆ ಕೇಳಬೇಕು. ಪಾಡ್ಯದಂದು ಇಲ್ಲಿ ಗೋಪೂಜೆ. ಅದೇ ದಿನ ಉತ್ತರದಲ್ಲಿ ಸಗಣಿಯಿಂದ ಗೋವರ್ಧನವನ್ನು ಮಾಡಿ ಪೂಜಿಸುತ್ತಾರೆ. ಕೊಟ್ಟಿಗೆಯ ಮುಂದೆ ನಿಂತು, "ನಿಮ್ಮಲ್ಲಿ ಇಂದು ಏನು ಮಾಡುತ್ತಾರೆ?" ಎಂದು ಕೇಳಿದರೆ ಮೌನವಾಗಿದ್ದ ಮಗು ಮಾತಾಡತೊಡಗುತ್ತದೆ. ಹೇಳುತ್ತ ಅತ್ತರೆ ಅಳಲಿ, ಅದು ರೋಗವಲ್ಲ. ಹೆತ್ತವರೊಡನೆ ದೂರವಾಣಿ ಮಾತಿಗೆ ದಿನಕ್ಕೊಂದು ನಿಶ್ಚಿತ ಹೊತ್ತಿರಲಿ. ಊಟ, ನಿದ್ದೆಗಳನ್ನೇ ಬಿಟ್ಟರೆ ಮಾತ್ರ ತಡಮಾಡದೆ ಶಿಕ್ಷಕರಿಗೆ ತಿಳಿಸಬೇಕು.

ಆ ಮಗುವಿಗೆ ಹೇಳಲು ತುಳುನಾಡಿನಲ್ಲಿ ಒಂದು ಕಥೆಯೂ ಇದೆ. ಅಂಗಳದಲ್ಲಿ ಹಾಲೆಮರದ ಕೊಂಬೆ ನೆಟ್ಟು, ಹೂವಿನಿಂದ ಸಿಂಗರಿಸಿ, ದೀಪವಿಟ್ಟು "ಕೂ" ಎಂದು ಕರೆಯುವುದು ಬಲೀಂದ್ರನನ್ನು. ನಾಡನ್ನು ಕಳೆದುಕೊಂಡ ಆ ದೊರೆ ವರ್ಷಕ್ಕೊಮ್ಮೆ ಅದನ್ನು ಕಾಣಲು ಬರುತ್ತಾನೆಂಬುದು ನಂಬಿಕೆ. ಓಣಂ ಹಬ್ಬದ ಮಾವೇಲಿಯೂ ಅವನೇ. ದೊರೆಗೂ ಊರಿನ ಹಂಬಲ ತಪ್ಪಲಿಲ್ಲವೆಂದು ತಿಳಿದರೆ, ತನ್ನ ಕಣ್ಣೀರಿಗೆ ಮಗು ನಾಚಬೇಕಾಗಿಲ್ಲ.

ಅದಲುಬದಲಿಗೆ ಎರಡು ಕಡೆಗಳಿವೆ. ಈ ಜಿಲ್ಲೆಯ ಮಕ್ಕಳೂ ಉತ್ತರಕ್ಕೆ ಹೋಗುತ್ತಾರೆ. ಅಲ್ಲಿನ ತಾಯಿಯೊಬ್ಬಳು ದೀಪ ಹಚ್ಚುತ್ತ, "ನಿಮ್ಮೂರಿನಲ್ಲಿ ಹೇಗೆ?" ಎಂದು ಕೇಳಿದಾಗ ಬಲೀಂದ್ರನ ಕಥೆಯನ್ನು ತಡವರಿಸದೆ ಹೇಳುವಂತೆ ಮಕ್ಕಳಿಗೆ ಈಗಲೇ ಕಲಿಸಿಡುವುದು ಮೀಂಜದ ಮನೆಗಳ ಕೆಲಸ.