ಊರ ಕಣ

ನನ್ನ ಊರು ಗೂಗಲ್. ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿರುವ, ಅಲ್ಲಮಪ್ರಭುವಿನ ಗುಡಿಯುಳ್ಳ ಹಳ್ಳಿ. ಬೆಂಗಳೂರಿನಲ್ಲಿ ಊರು ಯಾವುದೆಂದು ಕೇಳಿದವರಿಗೆ ಹೆಸರು ಹೇಳಿದೆನೆಂದರೆ ನಗು ತಪ್ಪಿದ್ದಲ್ಲ. ಅಮೆರಿಕೆಯ ಕಂಪನಿಯವರು, ಒಂದರ ಮುಂದೆ ನೂರು ಸೊನ್ನೆಗಳುಳ್ಳ ಸಂಖ್ಯೆಯ ಹೆಸರನ್ನು ತುಸು ತಿರುಚಿ ತಮ್ಮದನ್ನಾಗಿ ಮಾಡಿಕೊಂಡು ಕಂಪನಿ ಹೂಡಿದ್ದು 1998ರಲ್ಲಿ. ನಮ್ಮೂರು ಅದಕ್ಕಿಂತ ಎಷ್ಟೋ ಹಿರಿಯದು. ಗಣಕಯಂತ್ರದ ಉದ್ಯೋಗ ನನ್ನ ಪಾಲಿಗೆ ಬಂದದ್ದು ಊರ ಹೆಸರಿನ ಮಹಿಮೆಯಿಂದಲೇ ಎಂದು ಗೆಳೆಯರು ಹಾಸ್ಯಮಾಡುವರು. ಆದರೆ ಆ ಉದ್ಯೋಗದ ಒಂದು ಪಾಠವನ್ನು ನನಗೆ ಮನಗಾಣಿಸಿದುದು ಊರ ಹೆಸರಲ್ಲ, ಊರ ಕಣ.

2011ರ ಮುಂಗಾರು. ನಮ್ಮ ಸೀಮೆಯ ಒಂದು ಸಹಕಾರಿ ಸಂಸ್ಥೆಯಲ್ಲಿ ರೈತರ ಸಾಲದ ಲೆಕ್ಕಗಳೆಲ್ಲ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿದ್ದವು. ಅದನ್ನು ನೋಡಿಕೊಳ್ಳುವ ಹೊಣೆ ನನ್ನದು. ಇದರ ರೀತಿಯನ್ನು ವಾಚಕರಿಗೆ ಹೀಗೆ ವಿವರಿಸಬಹುದು. ಯಂತ್ರದ ಡಿಸ್ಕು ನಮ್ಮ ಜೋಳದ ಹಗೇವಿನಂತೆ. ಎಷ್ಟು ಬೇಕಾದರೂ ಹಿಡಿಯುವುದು, ಆದರೆ ತೆಗೆದು ತರಲು ಹೊತ್ತು ಹಿಡಿಯುವುದು. ಸ್ಮೃತಿಯೆಂಬುದು ಕಣದಂತೆ, ಹರಡಿದ ಕಾಳು ಕೈಗೆಟುಕುವಲ್ಲೇ ಇರುವುದು. ಹತ್ತು ಗುಮಾಸ್ತರು ಒಮ್ಮೆಗೇ ಲೆಕ್ಕ ಕೇಳಿದರೆ ಡೇಟಾಬೇಸು ಹತ್ತು ಆಳುಗಳನ್ನು ನಿಲ್ಲಿಸುವುದು. ಒಬ್ಬೊಬ್ಬನೂ ಹಗೇವಿಗೆ ಓಡುವ ಬದಲು, ಒಬ್ಬನು ತಂದು ಹರಡಿದುದನ್ನು ಎಲ್ಲರೂ ಬಳಸುವಂತೆ ಕೂಡುಕಣವೊಂದಿರಬೇಕು. ಅದೇ ಹಂಚಿಕೆಯ ಸ್ಮೃತಿ. ಆ ಕಣಕ್ಕೆ ಎಷ್ಟು ಜಾಗ ಕೊಡಬೇಕೆಂದು ನಿರ್ಣಯಿಸುವ ಊರಗೌಡನೇ ಕರ್ನೆಲ್.

ಆ ಕಾಲದ ಲಿನಕ್ಸಿನ ಗೌಡನು ಬಲು ಜಿಪುಣ. ಒಂದು ಕಣಕ್ಕೆ ಅವನು ತಾನಾಗಿ ಕೊಡುತ್ತಿದ್ದುದು 33554432 ಬೈಟು, ಅಂದರೆ 32 ಮೆಗಾಬೈಟು ಮಾತ್ರ. ನಮ್ಮ ಯಂತ್ರದಲ್ಲಿ ಇದ್ದುದು 8 ಗಿಗಾಬೈಟು. ಅದರ ಕಾಲುಭಾಗವನ್ನು ಕೂಡುಕಣಕ್ಕೆ ಬಿಡುವುದು ಬಲ್ಲವರ ರೂಢಿ. ಎಸ್‌ಎಚ್‌ಎಂಮ್ಯಾಕ್ಸ್ ಎಂಬ ಮಿತಿಯನ್ನು ಸರಿಯಾಗಿ 2 ಗಿಗಾಬೈಟಿಗೆ ಏರಿಸಿದೆನು, ಡೇಟಾಬೇಸು ಏಳಲಿಲ್ಲ. ಕಾಳಿನ ಜಾಗವಲ್ಲದೆ ಬೀಗಗಳ ಪಟ್ಟಿ ಮೊದಲಾದವಕ್ಕೂ ತುಸು ಜಾಗ ಬೇಕೆಂಬುದನ್ನು ಮರೆತಿದ್ದೆ. 3221225472 ಬೈಟು, ಅಂದರೆ 3 ಗಿಗಾಬೈಟು ಮಾಡಿದೆ, ಎದ್ದಿತು. ಎಸ್‌ಎಚ್‌ಎಂಆಲ್ ಎಂಬ ಇನ್ನೊಂದು ಮಿತಿಯುಂಟು. ಮೊದಲನೆಯದು ಬೈಟಿನ ಲೆಕ್ಕ, ಇದು 4096 ಬೈಟುಗಳ ಪುಟದ ಲೆಕ್ಕ. ಒಂದನ್ನು ಸೇರಿನಲ್ಲಿ, ಇನ್ನೊಂದನ್ನು ಚೀಲದಲ್ಲಿ ಅಳೆದಂತೆ. ಅದು ಮೊದಲೇ ಸಾಕಷ್ಟಿದ್ದುದರಿಂದ ಮುಟ್ಟಲಿಲ್ಲ. ಲೆಕ್ಕಗಳು ಚುರುಕಾದವು, ಗುಮಾಸ್ತರು ಹೊಗಳಿದರು, ನಾನು ಉಬ್ಬಿದೆನು.

ತಿಂಗಳು ಕಳೆಯಿತು. ಒಂದು ರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು. 1985ರಿಂದ ನಾಡಿಗೆಲ್ಲ ಬೆಳಕು ಕಳುಹುವ ಶಕ್ತಿನಗರವನ್ನು ಮಗ್ಗುಲಲ್ಲಿಟ್ಟುಕೊಂಡ ನಮಗೂ ಕತ್ತಲೆ ತಪ್ಪಿದ್ದಲ್ಲ. ಬೆಳಗ್ಗೆ ಯಂತ್ರ ಎದ್ದಿತು, ಡೇಟಾಬೇಸು ಏಳಲಿಲ್ಲ. ಬಿತ್ತನೆಯ ಹಣಕ್ಕಾಗಿ ಬಾಗಿಲಿನಿಂದ ಬೇವಿನ ಮರದವರೆಗೆ ರೈತರ ಸಾಲು. ಆ ಸಾಲಿನಲ್ಲಿ ರುಮಾಲು ಸುತ್ತಿದ ನನ್ನ ಅಪ್ಪನೂ ಇದ್ದನು.

ಡಿಸ್ಕೇ ಕೆಟ್ಟಿತೆಂದು ನನಗೆ ಜೀವ ಹಾರಿತು. ಎರಡು ದಿನಗಳ ಹಿಂದಿನ ಪ್ರತಿಯನ್ನು ಅದರ ಮೇಲೆ ಹೊದಿಸಿಬಿಡಲು ಕೈಯಿಟ್ಟೆನು. ಹಾಗೆ ಮಾಡಿದ್ದರೆ ಆ ಎರಡು ದಿನ ಸಾಲ ತೀರಿಸಿದವರೆಲ್ಲ ಮತ್ತೆ ಸಾಲಗಾರರಾಗುತ್ತಿದ್ದರು! ಏನೋ ಪುಣ್ಯ, ಅದಕ್ಕೆ ಮೊದಲು ದಿನಚರಿಯ ಕಡತವನ್ನು ಪೂರ್ತಿ ಓದಿದೆನು. ಕೇಳಿದ ಜಾಗ ಇಷ್ಟು, ಕರ್ನೆಲಿನ ಮಿತಿ ಅದಕ್ಕಿಂತ ಕಡಮೆ, ಕೇಳಿಕೆಯನ್ನು ಇಳಿಸು ಇಲ್ಲವೆ ಮಿತಿಯನ್ನು ಏರಿಸು, ಎಂದು ಅದು ಸ್ಪಷ್ಟವಾಗಿ ಹೇಳಿತ್ತು. ಡಿಸ್ಕು ನಿರಪರಾಧಿ. ತಿಂಗಳ ಹಿಂದೆ ನಾನು ಮಿತಿಯನ್ನು ಬರಿಯ ಆಜ್ಞೆಯಿಂದ ಏರಿಸಿದ್ದೆನೇ ಹೊರತು, ಸಿಸ್‌ಸಿಟಿಎಲ್ ಎಂಬ ಕಡತದಲ್ಲಿ ಬರೆದಿಟ್ಟಿರಲಿಲ್ಲ. ಯಂತ್ರ ಆರಿ ಹೊತ್ತಿದೊಡನೆ ಗೌಡನು ಮತ್ತೆ ತನ್ನ 32ಕ್ಕೆ ಮರಳಿದ್ದನು. ಒಂದು ಸಾಲು ಬರೆದೆನು. ಐದು ನಿಮಿಷದಲ್ಲಿ ಲೆಕ್ಕ ತೆರೆಯಿತು. ಕಳೆದುದು ಮಾತ್ರ ಎರಡು ಗಂಟೆ, ಅದೂ ಬಿಸಿಲಿನಲ್ಲಿ ನಿಂತವರದು.

ಸಂಜೆ ಅಪ್ಪನು ಕೇಳಿದನು: “ಯಾಕ ತಮ್ಮಾ, ಮುಂಜಾನೆ ಏನಾಗಿತ್ತು?” ಕಣದ ಉಪಮೆಯಿಂದಲೇ ಹೇಳಿದೆನು. ಅವನು ಎಲೆಗೆ ಸುಣ್ಣ ಸವರುತ್ತ, “ಬಾಯಿಮಾತಿಲೆ ಕೊಟ್ಟ ಜಾಗ ಗೌಡ ಬದಲಾದರ ಉಳಿತೈತೇನು? ನಮ್ಮ ಕಣಾನೂ ಹಂಗ ಹೋಗಿದ್ದಲ್ಲೇನು?” ಎಂದನು.

ಅಜ್ಜನ ಕಾಲದಲ್ಲಿ ಮಾತಿನಿಂದ ಸಿಕ್ಕ ಕಣವೊಂದು, ಕಾಗದವಿಲ್ಲದೆ, ಅಪ್ಪನ ಕಾಲಕ್ಕೆ ಕೈತಪ್ಪಿ ಹೋದ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ತಿಳಿದುದೇ. ಕೇಳುತ್ತ ಬೆಳೆದ ನಾನೇ ಅದನ್ನು ಮರೆತಿದ್ದೆನು.

ಈಗ ಕಾಲ ಬದಲಾಗಿದೆ. 2013ರಲ್ಲಿ ಬಂದ ಪೋಸ್ಟ್‌ಗ್ರೆಸ್ 9.3 ಬೇರೊಂದು ಬಗೆಯಲ್ಲಿ ಜಾಗ ಪಡೆಯುವುದನ್ನು ಕಲಿತಿತು. 2014ರ ಲಿನಕ್ಸ್ 3.16ರಲ್ಲಿ ಗೌಡನೂ ಧಾರಾಳಿಯಾಗಿ ಮಿತಿಯನ್ನು ಬಹುಮಟ್ಟಿಗೆ ತೆಗೆದೇಬಿಟ್ಟನು. ಹೊಸ ಹುಡುಗರಿಗೆ ಆ ಸಂಖ್ಯೆಗಳ ಕಾಟವಿಲ್ಲ. ಆದರೂ ಯಂತ್ರದಲ್ಲಿ ಏನನ್ನಾದರೂ ಬದಲಿಸಿದಾಗ ನಾನು ಕಡತದಲ್ಲಿ ಬರೆದು, ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಿ ನೋಡಿಯೇ ಮನೆಗೆ ಹೊರಡುವೆನು. ಆಗ ಬೇವಿನ ಮರದವರೆಗಿನ ಆ ಸಾಲು ಕಣ್ಣ ಮುಂದೆ ಬರುವುದು.